ಏಚನ ಅಂಗುಳು

ಕೇತಾವತಿಯ ಕೋಟೆಯ ಮೇಲೆ ಬೆಳಗಿನ ಕಹಳೆ ಮೊಳಗಿತು. ಪಟ್ಟದಾನೆಗಳು ಹೊಳೆಯಲ್ಲಿ ಮಿಂದು ಬರುತ್ತಿದ್ದವು, ಹೂವಾಡಗಿತ್ತಿಯರು ರಾಜಬೀದಿಯುದ್ದಕ್ಕೂ ಸೇವಂತಿಗೆಯ ರಾಶಿ ಹರಡಿ ಕುಳಿತಿದ್ದರು. ಆದರೆ ಕೊಳ್ಳುವವರಿಗೂ ಮಾರುವವರಿಗೂ ಇದ್ದದ್ದು ಒಂದೇ ಮಾತು: ಮಂತ್ರಿ ದೇಮರಸರಿಗೆ ಇಂದು ಸಂಜೆ ಶೂಲ.

ಶತ್ರುಗಳಿಗೆ ಉತ್ತರದ ಬಾಗಿಲು ತೆರೆಸಿದರೆಂಬುದು ಅವರ ಮೇಲಿನ ಆರೋಪ. ತೆರೆಸಿದವನು ದಂಡನಾಯಕ ಗೊಜ್ಜಿಗನೆಂಬುದನ್ನು ಕಣ್ಣಾರೆ ಕಂಡು ಬದುಕುಳಿದವನು ಕಾವಲುಭಟ ಏಚನೊಬ್ಬನೇ. ಅಂದು ಬಾಯಿಗೆ ಹೊಕ್ಕ ಬಾಣ ಅವನ ಅಂಗುಳನ್ನು ತೂತು ಮಾಡಿತ್ತು. ಅಕ್ಷರ ಬಾರದವನು, ಸಾಕ್ಷಿಯನ್ನು ಬಾಯಿಂದಲೇ ನುಡಿಯಬೇಕು. ಎರಡು ಬಾರಿ ನುಡಿದ. ಎರಡು ಬಾರಿಯೂ ಮಾತೆಲ್ಲ ಮೂಗಿನಿಂದ ಹೊರಟು, ಸಭೆ ನಕ್ಕು ಕಳಿಸಿತು.

ಮೂಗು ಕಟ್ಟಿದೆಯೆಂದು ರಾಜವೈದ್ಯರು ಮೂರು ತಿಂಗಳಿಂದ ಅದಕ್ಕೆ ತೈಲ ಹಾಕುತ್ತಲೇ ಇದ್ದರು.

"ಕಟ್ಟಿಲ್ಲ ಸ್ವಾಮಿ, ಸೋರುತ್ತಿದೆ!" ಎಂದು ಏಚನ ನೆರೆಮನೆಯ ಅಕ್ಕಸಾಲಿ ಬಾಚೋಜ ಹಣೆ ಚಚ್ಚಿಕೊಂಡ. "ಕುಡಿದ ಗಂಜಿ ಮೂಗಿನಲ್ಲಿ ಬರುತ್ತದೆ, ಕಾಣುವುದಿಲ್ಲವೇ? ತೂತುಬಿದ್ದ ಕುಲುಮೆಯ ತಿದಿಗೆ ಎಷ್ಟು ಎಣ್ಣೆ ಸವರಿದರೇನು, ತೇಪೆ ಹಾಕಬೇಕು."

"ಕುಲುಮೆ ಊದುವವನು ನನಗೆ ವೈದ್ಯ ಕಲಿಸುತ್ತೀಯೇನೋ?"

ಬಾಚೋಜ ಏಚನನ್ನು ತನ್ನ ಕುಲುಮೆಗೆ ಕರೆದೊಯ್ದ. ಏಚನ ಅಂಗುಳಿಗೆ ಜೇನುಮೇಣ ಒತ್ತಿ ಅಚ್ಚು ತೆಗೆದು, ಅದರಂತೆ ಬೆಳ್ಳಿಯ ತಗಡು ಬಡಿದ. ಮೊದಲನೆಯದು ಕಳಚಿ ಬಿತ್ತು. ಎರಡನೆಯದು ವಸಡು ಕೊಯ್ದಿತು. ಮೂರನೆಯದನ್ನು ತಂತಿಯಿಂದ ಹಲ್ಲಿಗೆ ಬಿಗಿಯುವ ಹೊತ್ತಿಗೆ ಶೂಲದ ದಿನವೇ ಬಂದು ಮಧ್ಯಾಹ್ನವೂ ಕಳೆದಿತ್ತು.

ಸಭೆಯಲ್ಲಿ ಏಚ ಬಾಯ್ತೆರೆದ. "ಪ್ರಭು, ಬಾಗಿಲು ತೆರೆಸಿದವರು ದಂಡನಾಯಕರು." ಒಂದೊಂದು ಅಕ್ಷರವೂ ಸ್ಫುಟವಾಗಿತ್ತು.

ಗೊಜ್ಜಿಗ ನಕ್ಕ. "ಮಹಾಪ್ರಭು, ಇದು ಅಕ್ಕಸಾಲಿ ಮಾಡಿಕೊಟ್ಟ ಬಾಯಿ. ಸಾಕ್ಷಿ ಸ್ವಂತ ಬಾಯಿಂದ ಬರಬೇಕೆಂಬುದಲ್ಲವೇ ಧರ್ಮ? ತೆಗೆಯಲಿ ಅದನ್ನು!"

ಧರ್ಮಾಧಿಕಾರಿಗಳು ಹೌದೆಂದು ತಲೆಯಾಡಿಸಿದರು. ಬಾಚೋಜ ಹಲ್ಲು ಕಡಿದ.

ಏಚ ತಂತಿಯನ್ನು ಕಿತ್ತ, ರಕ್ತ ಗಡ್ಡಕ್ಕಿಳಿಯಿತು. ತಗಡನ್ನು ನೆಲಕ್ಕೆ ಬಿಸುಟು, ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದುಕೊಂಡ. ಸಭೆ ಗೊಳ್ಳೆಂದಿತು. ಅವನು ನಿಲ್ಲಿಸಲಿಲ್ಲ. ಗಾಳಿ ಮೂಗಿನಿಂದ ಸೋರುವ ದಾರಿ ಮುಚ್ಚಿದ್ದರಿಂದ ಒಡೆದ ದನಿಯಲ್ಲೇ ಮಾತು ಬಾಯಿಂದ ಹೊರಟಿತು. ಅದನ್ನೇ ಮತ್ತೆ ಮತ್ತೆ ನುಡಿದಂತೆ ನಗು ಒಂದೊಂದೇ ಸಾಲಿನಲ್ಲಿ ಆರಿತು.

ಅರಸರು ಸಿಂಹಾಸನದಿಂದ ಇಳಿದು ಬಂದರು. "ಗೊಜ್ಜಿಗ, ಇವನ ಮಾತು ನನಗೆ ತಿಳಿಯಿತು. ನಿನಗೆ ತಿಳಿಯದಿದ್ದರೆ ಹೇಳು, ನಾನೇ ನುಡಿಯುತ್ತೇನೆ."

ದೇಮರಸರನ್ನು ಶೂಲದ ಬಯಲಿನಿಂದ ಮರಳಿ ಕರೆತರಲು ಕುದುರೆ ಓಡಿತು. ಏಚ ಇನ್ನೂ ಮೂಗು ಬಿಟ್ಟಿರಲಿಲ್ಲ.