ಆಲಿವ್ ಬಣ್ಣಕ್ಕೊಂದು ಮೆಟ್ಟಿಲು

ಬಹಳ ಹಿಂದೆ, ಗಿಳಿಗಳೂ ಮನುಷ್ಯರೂ ಒಂದೇ ಕೆರೆಯ ನೀರು ಕುಡಿಯುತ್ತಿದ್ದ ಕಾಲದಲ್ಲಿ, ಹಸಿರಾವತಿ ಎಂಬ ರಾಜ್ಯವಿತ್ತು. ಅಲ್ಲಿ ಚಿಗುರಿನ ಹಬ್ಬದ ದಿನ ಎಲ್ಲರೂ ಹಸಿರು ಉಟ್ಟು ಅರಮನೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ಮೆಟ್ಟಿಲು ನಲವತ್ತು, ಹಸಿರೂ ನಲವತ್ತು. ಕೆಳಗೆ ಎಳೆಚಿಗುರು, ಅದರ ಮೇಲೆ ಗಿಳಿಹಸಿರು, ನಡುವೆ ಎಲೆಹಸಿರು, ತುದಿಯಲ್ಲಿ ಪಾಚಿಹಸಿರು. ಯಾರು ಎಲ್ಲಿ ನಿಲ್ಲಬೇಕೆಂಬುದು ಅರಮನೆಯ ದಫ್ತರ ಬರೆಯುವ ಬಾಚಲೆಯಜ್ಜಿಯ ಪುಸ್ತಕದಲ್ಲಿತ್ತು. ಮೆಟ್ಟಿಲು ಸಿಗದವರನ್ನು ಮಸಿಗಣ್ಣನೆಂಬ ಮಾಂತ್ರಿಕ ಹೊತ್ತೊಯ್ಯುತ್ತಿದ್ದ.

ಬಟ್ಟೆಗೆ ಬಣ್ಣ ಹಾಕುವ ಬೊಪ್ಪ ತನ್ನ ಅಕ್ಕ ಹೊನ್ನಲೆಗೆ ಎಲೆಹಸಿರು ಸೀರೆ ಮಾಡಲು ಹೊರಟ. ದಾಳಿಂಬೆ ಸಿಪ್ಪೆಯನ್ನು ತಾಮ್ರದ ಹಂಡೆಯಲ್ಲಿ ಕುದಿಸಿ ಮೊದಲು ಹಳದಿ ಹಾಕಬೇಕು, ಆಮೇಲೆ ನೀಲಿಯಲ್ಲಿ ಅದ್ದಬೇಕು. ಆ ದಿನ ಹಂಡೆ ತೂತಾಗಿತ್ತು. ಅವಸರದಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕುದಿಸಿಬಿಟ್ಟ. ಸೀರೆ ನೀಲಿಗೆ ಇಳಿಯುವ ಮೊದಲೇ ಮಂಕು ಹಸಿರಾಯಿತು. ಒಳಗೆ ಹಳದಿ, ನೆರಿಗೆಯಲ್ಲಿ ಕಂದು. ಕಡಲಾಚೆಯ ವರ್ತಕನೊಬ್ಬ ಇದು ತಮ್ಮೂರಿನ ಆಲಿವ್ ಕಾಯಿಯ ಬಣ್ಣ ಎಂದ. ಆ ಕಾಯಿಯನ್ನು ಹಸಿರಾವತಿಯಲ್ಲಿ ಯಾರೂ ಕಂಡಿರಲಿಲ್ಲ.

ಹಬ್ಬದ ದಿನ ಅದನ್ನೇ ಉಟ್ಟು ಬಂದ ಹೊನ್ನಲೆಯನ್ನು ಬಾಚಲೆಯಜ್ಜಿ ಗಿಳಿಹಸಿರಿನ ಪಕ್ಕ ನಿಲ್ಲಿಸಿದಳು. ಸೀರೆ ಕಂದಾಗಿ ಕಂಡಿತು. ಪಾಚಿಹಸಿರಿನ ಪಕ್ಕಕ್ಕೆ ಕಳಿಸಿದಳು. ಹಳದಿಯಾಗಿ ಕಂಡಿತು. ಪುಸ್ತಕವನ್ನು ಮೂರು ಸಲ ತಿರುವಿ ಹಾಕಿ, ಸ್ವಲ್ಪ ಕೆಳಗಿಳಿದು ನಿಲ್ಲಮ್ಮ, ನೋಡುತ್ತೇನೆ ಎಂದಳು. ಹೊನ್ನಲೆಯ ಕಾಲು ನೆಲಕ್ಕೆ ತಾಗಿದ್ದೇ ತಡ, ಮಸಿಗಣ್ಣ ಅವಳನ್ನು ಎತ್ತಿಕೊಂಡು ಹಾರಿದ.

ಬೊಪ್ಪ ಏಳು ಕಾಡು ದಾಟಿ ಮಾಂತ್ರಿಕನ ತೋಟಕ್ಕೆ ಹೋದ. ಅಲ್ಲಿ ಮರದ ತುಂಬ ನೂರು ಹಕ್ಕಿಗಳು, ಒಂದೊಂದೂ ಒಂದೊಂದು ಹಸಿರು. ಹೊತ್ತು ತಂದವರು ಉಟ್ಟಿದ್ದ ಬಟ್ಟೆಯ ಬಣ್ಣವೇ ರೆಕ್ಕೆಗೆ ಬಂದಿತ್ತು.

"ನಿನ್ನ ಅಕ್ಕ ಯಾವುದು ಹೇಳು," ಎಂದ ಮಸಿಗಣ್ಣ. "ಮುಟ್ಟಬಾರದು. ಮೂರು ಸಲ ತಪ್ಪಿದರೆ ನೀನೂ ಹಕ್ಕಿ. ಸರಿಯಾದರೆ ನಾನು ಹಕ್ಕಿ."

ಬೊಪ್ಪ ಹಳದಿ ಹೂವಿನ ಪಕ್ಕದಲ್ಲಿ ಕೂತಿದ್ದ ಹಕ್ಕಿಯನ್ನು ತೋರಿಸಿದ. ಅದು ಹಾರಿ ಎಲೆಯ ಮೇಲೆ ಕೂತಾಗ ಬೇರೆಯೇ ಬಣ್ಣ. ಬೊಪ್ಪನ ಕಾಲುಗಳು ಹಕ್ಕಿಕಾಲುಗಳಾದವು. ಎರಡನೆಯ ಸಲ ನೆರಳಿನಲ್ಲಿದ್ದ ಹಕ್ಕಿಯನ್ನು ತೋರಿಸಿದ. ಬಿಸಿಲಿಗೆ ಬಂದಾಗ ಅದೂ ಬೇರೆ. ಎಡಗೈ ರೆಕ್ಕೆಯಾಯಿತು. ಅವನಿಗೆ ಅಕ್ಕನ ಸೀರೆ ನಿಜಕ್ಕೂ ಯಾವ ಬಣ್ಣವಿತ್ತೆಂಬುದೇ ಮರೆತಂತಾಯಿತು. ತಾನೇ ಹಾಕಿದ ಬಣ್ಣ ತನಗೇ ಗೊತ್ತಿಲ್ಲವಲ್ಲ ಎಂದು ತಲೆ ಕೆಟ್ಟುಹೋಯಿತು. ಮಸಿಗಣ್ಣ ನಕ್ಕು, ಅಣಕಿಸಲೆಂದೇ ನೂರು ಹಕ್ಕಿಗಳನ್ನೂ ಆಲಿವ್ ಬಣ್ಣಕ್ಕೆ ತಿರುಗಿಸಿದ.

ಆಗ ಬೊಪ್ಪನ ಬಲಗೈ ಸೊಂಟದ ಚೀಲಕ್ಕೆ ಹೋಯಿತು. ಬಣ್ಣದವರು ಸದಾ ಒಂದು ನಿಂಬೆಹಣ್ಣು ಇಟ್ಟುಕೊಳ್ಳುತ್ತಾರೆ. ಕಬ್ಬಿಣದಿಂದ ಬಂದ ಮಂಕು ನಿಂಬೆಹುಳಿಗೆ ಬಿಟ್ಟುಹೋಗುತ್ತದೆ. ಮಂತ್ರದಿಂದ ಬಂದ ಬಣ್ಣಕ್ಕೆ ಹುಳಿ ತಾಗುವುದಿಲ್ಲ. ಹಲ್ಲಿನಿಂದ ಹಣ್ಣನ್ನು ಕಚ್ಚಿ ಮರದ ಮೇಲೆಲ್ಲ ರಸ ಚಿಮುಕಿಸಿದ. ತೊಂಬತ್ತೊಂಬತ್ತು ಹಕ್ಕಿಗಳು ಹಾಗೆಯೇ ಇದ್ದವು. ಒಂದರ ರೆಕ್ಕೆಯ ಮೇಲೆ ಮಾತ್ರ ದಾಳಿಂಬೆಯ ಹಳದಿ ಚುಕ್ಕೆ ಮೂಡಿತು.

"ಇವಳೇ," ಎಂದ ಬೊಪ್ಪ.

ಹಕ್ಕಿಗಳೆಲ್ಲ ಮನುಷ್ಯರಾದರು. ಬೊಪ್ಪನ ಕೈಕಾಲು ಮರಳಿ ಬಂದವು. ಮಸಿಗಣ್ಣ ಯಾವ ಬಣ್ಣವೂ ಇಲ್ಲದ ಹಕ್ಕಿಯಾಗಿ ಮೋಡದೊಳಗೆ ಕಳೆದುಹೋದ. ಹೊನ್ನಲೆ ಸೆರಗು ನೋಡಿಕೊಂಡು, "ಸಾಲದ್ದಕ್ಕೆ ಕಲೆಯನ್ನೂ ಮಾಡಿದೆಯಲ್ಲೋ ತಮ್ಮಾ," ಎಂದು ಅವನನ್ನು ತಬ್ಬಿ ಅತ್ತಳು.

ಮುಂದಿನ ಹಬ್ಬಕ್ಕೆ ರಾಜ ನಲವತ್ತೊಂದನೆಯ ಮೆಟ್ಟಿಲಿಗೆ ಕಲ್ಲು ತರಿಸಿದ. ಅದನ್ನು ಎಲ್ಲಿ ಕೂರಿಸುವುದು? ಬಾಚಲೆಯಜ್ಜಿ ಬೆಳಿಗ್ಗೆ ಗಿಳಿಹಸಿರಿನ ಹತ್ತಿರ ಎಂದು ಬರೆದಳು, ಮಧ್ಯಾಹ್ನ ಹೊಡೆದುಹಾಕಿ ಪಾಚಿಹಸಿರಿನ ಹತ್ತಿರ ಎಂದು ಬರೆದಳು, ಸಂಜೆ ಅದನ್ನೂ ಹೊಡೆದುಹಾಕಿದಳು. ಕೊನೆಗೆ ಕಲ್ಲನ್ನು ಗಾರೆ ಹಾಕದೆ ಹಾಗೇ ಇಡಿಸಿ, ಪುಸ್ತಕದಲ್ಲಿ ಹೀಗೆ ಬರೆದಳು: "ಆಲಿವ್. ಇದೂ ಹಸಿರೇ. ಸ್ಥಳ: ಹೊನ್ನಲೆ ನಿಂತಲ್ಲಿ."

ಆಮೇಲೆ ಆ ರಾಜ್ಯದಲ್ಲಿ ಯಾರೂ ನೆಲದ ಮೇಲೆ ಒಂಟಿಯಾಗಿ ನಿಲ್ಲಲಿಲ್ಲ. ಎಲ್ಲರೂ ನಗುನಗುತ್ತ ಬಾಳಿದರು.