ಅಳಿಸಿದ ಹದಿನಾಲ್ಕು ಅಭಿಪ್ರಾಯಗಳು

ಬೆಳಗ್ಗೆ ಲೈಬ್ರರಿ ಬಾಗಿಲು ತೆಗೆಯುವ ಹೊತ್ತಿಗೇ ಮುದುಕ ದರ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಟ್ಯಾಬ್.

"ನಾನು ಬರೆದದ್ದನ್ನ ಯಾರೋ ಕದೀತಿದ್ದಾರೆ," ಅಂದರು.

ಗ್ರಂಥಪಾಲಕಿ ತೆರೆದು ನೋಡಿದರು. ಊರಿನ ಲೈಬ್ರರಿಗಳೆಲ್ಲ ಸೇರಿ ನಡೆಸುವ ಓದುಗರ ಬಳಗ ಅದು. ಆರು ವಾರ ಇಡೀ ಊರಿಗೆ ಒಂದೇ ಪುಸ್ತಕ. ಮೊಬೈಲಿನಲ್ಲೋ ಟ್ಯಾಬಿನಲ್ಲೋ ಪುಕ್ಕಟೆ ಓದಬಹುದು, ಕೆಳಗೆ ಅಭಿಪ್ರಾಯ ಬರೆಯಬಹುದು. ದರ್ಜಿಯ ಹೆಸರಿನ ಮುಂದೆ, ಈವರೆಗೆ ಬರೆದದ್ದು ಐವತ್ತೆರಡು ಅಭಿಪ್ರಾಯ ಅಂತ ಲೆಕ್ಕವಿತ್ತು; ಉಳಿದದ್ದು ಮೂವತ್ತೆಂಟು.

ಗ್ರಂಥಪಾಲಕಿ ದೂರು ಕೊಟ್ಟರು, ಸೈಬರ್ ಠಾಣೆಯಿಂದ ಇನ್ಸ್‌ಪೆಕ್ಟರ್ ಬಂದರು. ಮಿತಮಾತಿನ ಹೆಂಗಸು.

"ಹೋಗಿರೋದ್ರಲ್ಲಿ ಏನು ಬರೆದಿದ್ರಿ?"

"ಪುಸ್ತಕದ ಬಗ್ಗೆ. ಇನ್ನೇನು ಬರೀತೀನಿ?"

"ಯಾರ ಮೇಲಾದ್ರೂ ಅನುಮಾನ?"

"ಗಣಿತದ ಮೇಷ್ಟ್ರು. ನನ್ನ ಕಂಡ್ರೆ ಅವರಿಗಾಗಲ್ಲ."

* * *

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು.

"ಬಳಗದಲ್ಲಿ ಜಗಳ ಆಡಿದ್ದು ನಿಜ. ಕಥಾನಾಯಕ ಹೇಡಿ ಅಂದೆ. ಅವರು ನನ್ನನ್ನ ದಾರ ಇಲ್ಲದ ಸೂಜಿ ಅಂದ್ರು. ಎರಡು ದಿನ ನಕ್ಕಿದ್ದೀನಿ ಮೇಡಂ. ಅವರಷ್ಟು ಮನಸ್ಸಿಟ್ಟು ಓದೋರು ಇನ್ಯಾರಿದ್ದಾರೆ?"

ಇನ್ಸ್‌ಪೆಕ್ಟರ್ ಮೊಬೈಲಿನಲ್ಲಿ ಹುಡುಕಿದರು. ದಾರ ಇಲ್ಲದ ಸೂಜಿ ಅಲ್ಲೇ ಇತ್ತು. ಜಗಳದ ಒಂದು ಮಾತೂ ಅಳಿದಿರಲಿಲ್ಲ. ದ್ವೇಷ ಇದ್ದವರು ಮೊದಲು ಅಳಿಸುವುದು ಅದನ್ನೇ.

* * *

ಮೂರನೇ ದಿನ, ಬಳಗದ ಸರ್ವರ್‌ನಿಂದ ಅಳಿಸಿದ್ದರ ಪ್ರತಿ ಕೈಗೆ ಬಂತು. ಇನ್ಸ್‌ಪೆಕ್ಟರ್ ಅದನ್ನು ಓದಿ, ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ದರ್ಜಿಯ ಮನೆಗೆ ಹೋದರು. ಆಗ ಸಂಜೆ ನಾಲ್ಕೂಕಾಲು. ದರ್ಜಿ ಒಳಗೆ ಮಲಗಿದ್ದರು. ಟ್ಯಾಬ್ ಹೆಂಡತಿಯ ತೊಡೆಯ ಮೇಲಿತ್ತು.

"ಹದಿನಾಲ್ಕನ್ನೂ ಅಳಿಸಿರೋದು ಈ ಟ್ಯಾಬಿನಿಂದ. ಎಲ್ಲಾ ನಾಲ್ಕರಿಂದ ನಾಲ್ಕೂವರೆ ಒಳಗೆ. ಆಗ ಮೇಷ್ಟ್ರು ತರಗತಿಯಲ್ಲಿ, ನಿಮ್ಮ ಯಜಮಾನ್ರು ನಿದ್ದೆಯಲ್ಲಿ. ಮನೇಲಿ ಇನ್ಯಾರೂ ಇಲ್ಲ. ಪುಸ್ತಕದ ಬಗ್ಗೆ ಬರೆದದ್ದನ್ನ ನೀವು ಮುಟ್ಟೇ ಇಲ್ಲ, ಅಮ್ಮ."

ಕಾಗದ ಮುಂದಿಟ್ಟರು. ಹದಿನಾಲ್ಕು ಸಲವೂ ಹೆಚ್ಚುಕಡಿಮೆ ಅದೇ ಮಾತು: 'ನಮ್ಮ ಮಗಳು ಶಾಲೆಯಿಂದ ಇನ್ನೂ ಬಂದಿಲ್ಲ. ನೀಲಿ ಫ್ರಾಕು. ಯಾರಾದರೂ ನೋಡಿದಿರಾ?'

"ಅವಳು ಹೋಗಿ ಮೂವತ್ತೊಂದು ವರ್ಷ ಆಯ್ತು," ಅಂದರು ಆಕೆ. "ಬೆಳಗ್ಗೆ ಇವರು ಸರಿಯಾಗೇ ಇರ್ತಾರೆ. ಊಟ ಆದ್ಮೇಲೆ ಮಂಕು ಕವಿಯುತ್ತೆ. ಆಗ ಇದನ್ನ ಬರೀತಾರೆ, ಮಲಗ್ತಾರೆ. ಎದ್ಮೇಲೆ ಬರೆದದ್ದು ನೆನಪಿರಲ್ಲ. ಮೊದಲನೇ ಸಲ ಯಾರೋ ಪರಿಚಯದವರು, ಅವಳು ತೀರಿಕೊಂಡಳಲ್ಲ ಅಂತ ಕೆಳಗೆ ಬರೆದ್ರು. ಇವರು ಮಂಕಲ್ಲೇ ಅದನ್ನ ಓದಿದ್ರು. ಆಗಷ್ಟೇ ಸುದ್ದಿ ಬಂದ ಹಾಗೆ ನೆಲಕ್ಕೆ ಬಿದ್ದು ಅತ್ರು. ಅದಕ್ಕೇ ಇನ್ಯಾರೂ ನೋಡೋ ಮೊದ್ಲೇ..."

"ಅವರಿಗೆ ಹೇಳಿಲ್ವಾ?"

"ಏನಂತ ಹೇಳ್ಲಿ? ನಿಮ್ಮ ತಲೆ ನಿಮ್ಮ ಕೈ ಬಿಡ್ತಿದೆ ಅಂತಲಾ?"

ಒಳಗೆ ಮಂಚ ಕಿರುಗುಟ್ಟಿತು. ದರ್ಜಿ ಬಾಗಿಲಲ್ಲಿ ನಿಂತರು. ನಿದ್ದೆ ಮುಗಿಸಿದ ಕಣ್ಣು ತಿಳಿಯಾಗಿತ್ತು. ಇನ್ಸ್‌ಪೆಕ್ಟರ್ ಕಾಗದ ಮಗುಚಿ ಹಾಕಿದರು.

"ಸಿಕ್ಕಿದ್ರಾ ಮೇಡಂ? ಯಾರು?"

"ನಾನೇ," ಅಂದರು ಹೆಂಡತಿ.

"ನೀನಾ? ಯಾಕೆ?"

"ಹೊಟ್ಟೆಕಿಚ್ಚು. ದಿನಾ ಅದರಲ್ಲೇ ಮುಳುಗಿರ್ತೀರಿ. ನನ್ನ ಹತ್ರ ಎರಡು ಮಾತಿಲ್ಲ."

ದರ್ಜಿ ಹೆಂಡತಿಯ ಕಡೆ ತಿರುಗಿದರು.

"ಇಷ್ಟು ವರ್ಷ ಒಟ್ಟಿಗಿದ್ದೀವಿ. ನೀನು ಇಂಥವಳು ಅಂತ ಗೊತ್ತಿರಲಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ಸ್‌ಪೆಕ್ಟರ್ ಏನೋ ಹೇಳಲು ಬಾಯಿ ತೆರೆದರು.

"ಬೇಡ ಮೇಡಂ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಸಿಟ್ಟನ್ನ ಅವರು ತಡ್ಕೊಳ್ತಾರೆ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಸುಳ್ಳು ಅಂತ ಗೊತ್ತಿದ್ದೂ, ಆ ತಪ್ಪೊಪ್ಪಿಗೆಯನ್ನು ಒಂದಕ್ಷರ ಬಿಡದೆ ಬರೆದುಕೊಂಡರು.