ಕೂಗದ ಅಲಾರಂ

"ನನ್ನ ಗಂಡನ ಕಾಲು ತೆಗೆದುಬಿಟ್ರು, ಅಕ್ಕಾ. ಯಾರ ತಪ್ಪು ಅಂತಾದ್ರೂ ಹೇಳಿ."

ಗೋದಾಮಿನ ಗೇಟಿನಲ್ಲಿ ಲಾರಿಗಳನ್ನು ತೂಗುವ ನಮ್ಮ ತಕ್ಕಡಿ ಅಕ್ಕನೆದುರು ಹಮಾಲಿಯ ಹೆಂಡತಿ ಕಣ್ಣೀರಿಟ್ಟಾಗ, ಚೀಟಿ ಬರೆಯುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಅಕ್ಕ ಬಿಡಿಸಿದ ಒಗಟುಗಳಿಗೆಲ್ಲ ನಾನೇ ಸಾಕ್ಷಿ. ಇಷ್ಟು ಕಹಿಯಾದದ್ದು ಇನ್ನೊಂದಿಲ್ಲ.

ಮೂರು ದಿನದ ಹಿಂದೆ ಸಿಮೆಂಟ್ ಮೂಟೆ ಹೊತ್ತ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬಂದು ಹಮಾಲಿಯನ್ನು ಗೋಡೆಗೆ ಒತ್ತಿತ್ತು. ಮೂಟೆಗಳು ಒಡೆದು ಗಾಡಿಯೆಲ್ಲ ಸಿಮೆಂಟಿನ ಧೂಳಾಗಿತ್ತು. ಹಿಂದಕ್ಕೆ ಬರುವಾಗ ಅಲಾರಂ ಕೂಗಲೇ ಇಲ್ಲವೆಂದು ಡ್ರೈವರ್ ಅಂಗಲಾಚಿದ. ಮರುದಿನ ಪರೀಕ್ಷಿಸಿದರೆ ಅದು ಕಿವಿ ಕಿತ್ತುಹೋಗುವಂತೆ ಕೂಗಿತು. ಡ್ರೈವರನ ಕೆಲಸ ಹೋಯಿತು.

"ಅಲಾರಂ ಸರಿಯಾಗೇ ಇತ್ತು ಅಂತ ನಮ್ಮಣ್ಣನೂ ಹೇಳ್ದ," ಎಂದಳು ಆಕೆ. ಅವಳಣ್ಣ ಗೋದಾಮಿನ ಮೆಕ್ಯಾನಿಕ್. ಆಸ್ಪತ್ರೆಯಲ್ಲಿ ತಂಗಿಯ ಗಂಡನಿಗೆ ತುತ್ತು ತಿನ್ನಿಸುತ್ತಿದ್ದವನೂ ಅವನೇ.

ಅಕ್ಕ ಶೆಡ್ಡಿಗೆ ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಅಲಾರಂ ತಂತಿಗೆ ಸುತ್ತಿದ್ದ ಟೇಪನ್ನು ಬೆರಳಿನಿಂದ ಸವರಿದಳು, ತುದಿ ಬಿಡಿಸಿದಳು.

"ಅವತ್ತಿಂದ ಶೆಡ್ಡಿನ ಕೀಲಿ ಯಾರ ಹತ್ರ?"

"ನನ್ನ ಹತ್ರಾನೇ. ಒಂದು ನೊಣಾನೂ ಒಳಗೆ ಬಿಟ್ಟಿಲ್ಲ," ಎಂದ ಮೆಕ್ಯಾನಿಕ್, ಎದೆಯುಬ್ಬಿಸಿ.

ಮಧ್ಯಾಹ್ನ ಸರಕು ಇಳಿಸುವ ಕಟ್ಟೆಯ ಮೇಲೆ ಅಕ್ಕ ಎಲ್ಲರನ್ನೂ ಕರೆಸಿದಳು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರೂ ಬಂದಿದ್ದರು.

"ಗಾಡಿ ತುಂಬಾ ಸಿಮೆಂಟು, ಟೇಪಿನ ಮೇಲೆ ಮಾತ್ರ ಇಲ್ಲ. ಬಿಡಿಸಿ ನೋಡಿದ್ರೆ ಒಳಗಿನ ತಂತಿ ಮೇಲೆ ಸಿಮೆಂಟು! ಅಂದ್ರೆ ಮೂಟೆ ಒಡೆದಾಗ ತಂತಿ ಬಿಚ್ಕೊಂಡಿತ್ತು. ಟೇಪು ಸುತ್ತಿದ್ದು ಆಮೇಲೆ. ಆಮೇಲೆ ಕೀಲಿ ಇದ್ದದ್ದು ಒಬ್ಬನ ಹತ್ರ."

ಮೆಕ್ಯಾನಿಕ್ ಪಕ್ಕದಲ್ಲಿದ್ದ ಮ್ಯಾನೇಜರ್ ಕಡೆ ಬೆರಳು ತೋರಿಸಿದ. "ಆ ಅಲಾರಂ ಕಿರಿಕಿರಿ ನಿಲ್ಸು, ನಿನ್ನ ಮೇಸ್ತ್ರಿ ಮಾಡ್ತೀನಿ ಅಂದ್ರು ಮ್ಯಾನೇಜರು. ತಂತಿ ಕಿತ್ತೆ. ಹೀಗಾಗುತ್ತೆ ಅಂತ..." ಮ್ಯಾನೇಜರ್ ಮುಖ ತಿರುಗಿಸಿದರು. ಇನ್‌ಸ್ಪೆಕ್ಟರ್ ಇಬ್ಬರ ಹೆಸರನ್ನೂ ಬರೆದುಕೊಂಡರು.

ತಂಗಿ ಅಣ್ಣನ ಎದುರು ಬಂದು ನಿಂತಳು. "ತಪ್ಪು ಯಾರಿಂದಾದ್ರೂ ಆಗುತ್ತೆ. ಆದ್ರೆ ಅವರಿಗೆ ತುತ್ತು ಇಡ್ತಾ ಇಡ್ತಾ ಇನ್ನೊಬ್ಬನ ತಲೆಗೆ ಕಟ್ಟಿದ್ಯಲ್ಲ!"

ಅವನು ಅವಳ ಕೈ ಹಿಡಿಯಲು ಬಂದ. ಅವಳು ಸರಿದು, ದೂರ ನಿಂತಿದ್ದ ಡ್ರೈವರನ ಕಡೆ ತಿರುಗಿದಳು.

"ಬನ್ನಿ ಅಣ್ಣಾ, ಆಸ್ಪತ್ರೆಗೆ ಹೋಗೋಣ. ನಡೆದದ್ದನ್ನ ಅವರಿಗೆ ನೀವೇ ಹೇಳಿ."